ತುಟಿಯಲ್ಲಿ ಗುಂಡುಸೂಜಿ

ಜನವರಿ 13, ಸೋಮವಾರ
ಅಂಗಡಿ ಬೀಗ ತೆಗೆದು, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು, ಪ್ರಾರ್ಥನೆ ಮಾಡಿ ಕೂತೆ. ಕರ್ತನೇ, ಇವತ್ತೊಂದು ದಿನ ನನ್ನ ಬಾಯಿಯನ್ನು ನೋಡಿಕೋ ಎಂದೆ. ಮಧ್ಯಾಹ್ನದೊಳಗೆ, ಜೊತೆಗೆ ಹೊಲಿಯುವ ತಂಗಿಯ ಮೇಲೆ ಹರಿಹಾಯ್ದಿದ್ದೆ, ಗಿರಾಕಿಗಳ ಎದುರಿಗೇ. ಅವಳು ಹೊಲಿದ ಕಾಲರ್ ಒಂದು ನೂಲಿನಷ್ಟು ಓರೆಯಾಗಿತ್ತು, ಅಷ್ಟೇ. ದೀಕ್ಷಾಸ್ನಾನವಾಗಿ ವರ್ಷವಾಯಿತು. ತಲೆ ಒದ್ದೆಯಾಗಿದ್ದೇ ಬಂತು, ನಾಲಿಗೆ ಹಾಗೆಯೇ ಇದೆ.

ಜನವರಿ 14
ತಂಗಿ ಅಳಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಮೇಜಿನ ಮೇಲಿಟ್ಟಳು. "ಅಕ್ಕಾ, ಇನ್ನೊಂದ್ಸಲ ನನ್ ಮೇಲೆ ಹೀಗೆ ಕೂಗಿದ್ರೆ ಹೋಗ್ತೀನಿ. ಆಮೇಲೆ ಮನೆಗೂ ಬರಲ್ಲ."
ಅಮ್ಮ ಹೋದ ಮೇಲೆ ತವರಿನವರೆಂದು ಉಳಿದಿರುವುದು ಇವಳೊಬ್ಬಳೇ. ಹೆದರಿಕೆಯಾಗುತ್ತಿದೆ.

ಜನವರಿ 20
ಉಪಾಯ ಸಿಕ್ಕಿತು. ಸಿಟ್ಟು ಬಂದೊಡನೆ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು. ಸೂಜಿ ಕಚ್ಚಿಕೊಂಡು ಯಾರನ್ನೂ ಬೈಯಲಾಗದು, ಮನಸ್ಸಿನಲ್ಲೇ ಪ್ರಾರ್ಥಿಸಬಹುದು. ಇವತ್ತೆಲ್ಲ ಬಾಯಿ ತುಂಬ ಸೂಜಿ. ಊಟದ ಡಬ್ಬಿ ತಂದ ನಮ್ಮ ಯಜಮಾನರು, ಊಟಕ್ಕೂ ಇದೇನಾ ಎಂದು ಕೇಳಿದರು. ಸಂಜೆ ಮನೆಯಲ್ಲಿ ಸೂಜಿ ಇರಲಿಲ್ಲ... ಪಾಪ ಅವರು.

ಮಾರ್ಚ್ 2, ಭಾನುವಾರ
ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮನ ಹತ್ತಿರ ಗೋಳು ತೋಡಿಕೊಂಡೆ. ಒಳಗೆ ಕುದಿಯುವುದು ನಿಂತಿಲ್ಲ, ಮುಚ್ಚಳ ಹಾಕಿದ್ದೇನೆ ಅಷ್ಟೇ ಎಂದೆ. ಉಪದೇಶ ಶುರುವಾಗುತ್ತದೆ ಅಂದುಕೊಂಡಿದ್ದೆ. ಅವರು ನಕ್ಕರು. "ಮೊದ್ಲು ಮುಚ್ಚಳನೂ ಇರ್ಲಿಲ್ವಲ್ಲಮ್ಮ. ಹಾಕ್ತಾ ಇರು."
ಸಮಾಧಾನವೇನೂ ಆಗಲಿಲ್ಲ. ಆದರೂ ಹಾಕುತ್ತೇನೆ.

ಜೂನ್ 21
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಇವತ್ತು ಗುಂಡಿ ಮಾರುವವರ ಮೇಲೆ ರೇಗಿದೆ. ಅರ್ಧಕ್ಕೇ ನಿಲ್ಲಿಸಿ ಕ್ಷಮೆ ಕೇಳಿದೆ. ಅವರು ಗಾಬರಿಯಾಗಿ ಗುಂಡಿಯ ಪೊಟ್ಟಣ ಬಿಟ್ಟೇ ಹೋದರು — ಬೈಗುಳಕ್ಕಲ್ಲ, ಕ್ಷಮೆಗೆ! ಮತ್ತೆ ಮೊದಲಿನಿಂದ.

ಅಕ್ಟೋಬರ್ 9, ಗುರುವಾರ, ಸಂಜೆ
ಆದದ್ದನ್ನು ಆದ ಹಾಗೆ ಬರೆಯುತ್ತೇನೆ.
ನಮ್ಮ ಚರ್ಚಿನ ಕ್ವೈರ್‌ನಲ್ಲಿ ಹಾಡುವವರ ನಿಲುವಂಗಿಗಳು ಭಾನುವಾರಕ್ಕೆ ಬೇಕು. ನೀಲಿ ಸ್ಯಾಟಿನ್, ಒಂದು ಮುಖ ಹೊಳಪು, ಇನ್ನೊಂದು ಮುಖ ಮಬ್ಬು. ತೋಳು ಕತ್ತರಿಸುವಾಗ ಹೊಳಪಿಗೆ ಹೊಳಪು ಎದುರಾಗಿ ಇಡಬೇಕು, ಆಗಲೇ ಎಡ-ಬಲ ಜೋಡಿ ಬರುವುದು. ತಂಗಿ ಅವಸರದಲ್ಲಿ ಎಲ್ಲ ಪದರಗಳನ್ನೂ ಹೊಳಪು ಮೇಲಾಗಿ ಪೇರಿಸಿ ಕತ್ತರಿ ಓಡಿಸಿದ್ದಾಳೆ. ಅಷ್ಟೂ ಎಡತೋಳು! ಬಟ್ಟೆ ಅಂಗೈಯಗಲವೂ ಮಿಕ್ಕಿಲ್ಲ. ಆ ನೀಲಿ ಬಣ್ಣ ಬಟ್ಟೆ ಅಂಗಡಿಯಲ್ಲೂ ಮುಗಿದಿದೆ.
ಅವಳ ಮುಖ ಬಿಳಿಚಿಕೊಂಡಿತ್ತು. ಕೈ ಆಗಲೇ ಕೊರಳಿನ ಟೇಪಿನ ಮೇಲಿತ್ತು.
ಒಂದು ತೋಳನ್ನು ಎತ್ತಿ ಮಗುಚಿ ಹಾಕಿದೆ. ಬಲತೋಳಾಯಿತು, ಮಬ್ಬು ಮುಖ ಹೊರಗೆ. "ಕಾಲರನ್ನೂ ಮಬ್ಬಾಗೇ ಇಡೋಣ ಕಣೆ. ಬೇಕಂತ್ಲೇ ಮಾಡ್ದಂಗೆ ಕಾಣತ್ತೆ" ಎಂದೆ. ಟೀ ತರಿಸಿದೆ. ಇಬ್ಬರೂ ಎದುರುಬದುರು ಕೂತು ಹೊಲಿದೆವು, ನಗುತ್ತಾ.
ಬೀಗ ಹಾಕುವಾಗ ತಂಗಿ ನನ್ನನ್ನೇ ನೋಡುತ್ತಿದ್ದಳು.
"ಅಕ್ಕಾ, ನಿನ್ ಬಾಯಲ್ಲಿ ಸೂಜಿನೇ ಇರ್ಲಿಲ್ಲ."
ಹೌದಲ್ಲ! ಕಚ್ಚಿಕೊಳ್ಳುವ ನೆನಪೇ ಆಗಲಿಲ್ಲ. ಸಿಟ್ಟು ಬಂದಿದ್ದರೆ ತಾನೇ. ಒಳಗೆಲ್ಲ ತಡಕಿ ನೋಡಿದೆ — ಅಯ್ಯೋ, ನನ್ನ ತಂಗಿ ಹೆದರಿದಳಲ್ಲ ಅನ್ನಿಸಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕರ್ತನೇ, ಇದನ್ನು ನನ್ನೊಳಗೆ ಯಾವಾಗ ಮಾಡಿದೆ ನೀನು? ಒಂದು ಮಾತು ಹೇಳಬಾರದಿತ್ತೇ? ಸಂತೋಷ ತಡೆಯಲಾಗುತ್ತಿಲ್ಲ.

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ
ನಿನ್ನೆ ಪಾಸ್ಟರಮ್ಮ ನಿಲುವಂಗಿಗಳನ್ನು ನೋಡಿ, ಈ ಡಿಸೈನ್ ಯಾರದು ಎಂದು ಕೇಳಿದರು. ನನ್ನ ತಂಗಿಯದು ಎಂದೆ. ಸುಳ್ಳೇನಲ್ಲವಲ್ಲ. ಅವಳು ಮೇಜಿನಡಿ ನನ್ನ ಕಾಲು ತುಳಿದಳು.
ಈಗಷ್ಟೇ ಯಜಮಾನರು ನನ್ನ ಬಿಳಿ ಸೀರೆಯ ಮೇಲೆ ಟೀ ಚೆಲ್ಲಿದರು. ರೇಗಿದೆ... ಪೂರ್ತಿ ಅಲ್ಲ, ಅರ್ಧ. ಇನ್ನೂ ಬಹಳ ದೂರವಿದೆ. ಇರಲಿ, ನಡೆಯುತ್ತಿದ್ದೇನೆಂದು ಗೊತ್ತಾಯಿತಲ್ಲ.
ಹೊರಗೆ ತಂಗಿ ಕೂಗುತ್ತಿದ್ದಾಳೆ. ಈಗ ಕೂಗುವ ಸರದಿ ಅವಳದು! ಲೇಟಾಯಿತಂತೆ. ಸೂಜಿ ಡಬ್ಬಿ ಚೀಲಕ್ಕೆ ಹಾಕಿಕೊಳ್ಳಲೇ? ಬೇಡ, ಅದು ಇಲ್ಲೇ —