ತಪ್ಪಾದರೂ ಸರಿ ಅನ್ನುವ ಸಾಲು

ಮಾರ್ಚ್ 3, ಬೆಳಿಗ್ಗೆ 9.40

ಮತ್ತೆ ಅದೇ ರಗಳೆ. ಆಸ್ಪತ್ರೆಯ ಎರಡು ತಿಂಗಳಿಗಿಂತ ಹಳೇ ಸ್ಕ್ಯಾನ್‌ಗಳನ್ನ ಇನ್ನೊಂದು ಸರ್ವರಿಗೆ ಕಾಪಿ ಮಾಡಿ, ಇಲ್ಲಿ ಅಳಿಸೋ, ದಿನಾ ತಾನಾಗೇ ಓಡೋ ಸ್ಕ್ರಿಪ್ಟು. ಕಾಪಿ ಫೇಲ್. ಸ್ಕ್ರಿಪ್ಟು ಅಲ್ಲೇ ನಿಂತು ಮೇಲ್ ಕಳಿಸ್ತಿದೆ. ಮ್ಯಾನೇಜರ್: "ಅದರ ಬಾಯಿ ಮುಚ್ಚಿಸಮ್ಮಾ."

ಕಾರಣ ಹುಡುಕೋಕೆ ಎರಡು ದಿನ ಕೇಳಿದೆ. ಕೊಡಲಿಲ್ಲ. ಕಾಪಿ ಸಾಲಿನ ಕೊನೆಗೆ `|| true` ಸೇರಿಸಿದೆ. ಅಂದ್ರೆ, ಕೆಟ್ಟರೂ ಸರಿಯಾಯ್ತು ಅನ್ನು, ಮುಂದೆ ಹೋಗು. ಮೇಲ್ ನಿಂತವು. ಮೈಯೆಲ್ಲ ಉರೀತಿದೆ.

ಮೇ 20, ಮಧ್ಯಾಹ್ನ

ಸ್ಕ್ಯಾನ್ ಡಾಕ್ಟರು ಒಬ್ಬ ರೋಗಿಯ ಜನವರಿ ಸ್ಕ್ಯಾನ್ ಕೇಳಿದ್ರು. ಶ್ವಾಸಕೋಶದಲ್ಲಿ ಗಂಟು, ಬೆಳೆದಿದೆಯಾ ಹೋಲಿಸಬೇಕು.

ಇಲ್ಲಿಲ್ಲ. ಅಲ್ಲೂ ಇಲ್ಲ.

ಆಚೆ ಸರ್ವರಿನ ಡಿಸ್ಕು ಮೌಂಟೇ ಆಗಿರಲಿಲ್ಲ, ಅಂದ್ರೆ ಜೋಡಣೆಯೇ ಆಗಿರಲಿಲ್ಲ. ದಿನಾ ಕಾಪಿ ಫೇಲ್, ದಿನಾ true, ದಿನಾ ಮುಂದಿನ ಸಾಲು ನಿಷ್ಠೆಯಿಂದ ಅಳಿಸಿದೆ. ಹನ್ನೊಂದು ವಾರ! ಕೀಬೋರ್ಡ್ ಎತ್ತಿ ಕುಕ್ಕಿದೆ. ಒಂದು ಕೀ ಹಾರಿಹೋಯ್ತು.

ಮೇ 21

"ಡಿಸ್ಕ್ ಕೆಟ್ಟಿತ್ತು ಅಂತ ಬರಿ" ಅಂದ್ರು ಮ್ಯಾನೇಜರ್.

"ಡಿಸ್ಕ್ ನೆಟ್ಟಗಿದೆ ಸರ್. ಕೆಟ್ಟಿದ್ದು ನಾವು."

"ಸ್ಕ್ರಿಪ್ಟಲ್ಲಿ ಆ true ಸಾಲಿನ ಮುಂದೆ ಇರೋದು ನಿನ್ನ ಹೆಸರು. ನೆನಪಿರಲಿ."

ಥೂ! ಮನೇಲಿ ಅಕ್ಕನಿಗೆ ಹೇಳ್ಕೊಂಡು ಕೂಗಾಡಿದೆ. ಸಮಾಧಾನ ಮಾಡ್ತಾಳೆ ಅಂದ್ಕೊಂಡ್ರೆ — "ಹೇಳಿದ್ದು ಅವರ ಬಾಯಿ. ಬರೆದದ್ದು ನಿನ್ನ ಕೈ." ಊಟ ಬಿಟ್ಟೆದ್ದೆ. ಸಿಟ್ಟು ಅವಳ ಮೇಲಲ್ಲ.

ಮೇ 22, ಮಧ್ಯಾಹ್ನ 3.15

ಸ್ಕ್ರಿಪ್ಟು ಹೊಸದಾಗಿ ಬರೆದೆ. ಡಿಸ್ಕ್ ಇಲ್ಲದಿದ್ರೆ ಶುರುವೇ ಇಲ್ಲ. ಕಾಪಿ ಫೇಲಾದ್ರೆ ಅಲ್ಲೇ ನಿಲ್ಲು, ಕಿರುಚು. ಎರಡೂ ಕಡೆ ಫೈಲುಗಳು ತಾಳೆಯಾದ ಮೇಲಷ್ಟೇ ಅಳಿಸು. ಅರ್ಧ ದಿನದ ಕೆಲಸ. ಅರ್ಧ ದಿನ!

ವರದಿಯಲ್ಲಿ ನಡೆದದ್ದೇ ಬರೆದೆ. ಇಬ್ಬರ ಹೆಸರೂ ಹಾಕಿದೆ.

ಸ್ಕ್ಯಾನ್ ಡಾಕ್ಟರು ರೋಗಿಯ ಮುಂದೆ ನನ್ನನ್ನೂ ಕೂರಿಸಿದ್ರು. ಬಸ್ ಡ್ರೈವರ್ ಆಗಿದ್ದವರು, ಜೊತೆಗೆ ಮಗಳು. ಎಲ್ಲ ಹೇಳಿದೆ. ಹಳೇದು ಇಲ್ಲ, ಹಾಗಾಗಿ ಮೂರು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡಿ ಈಗಿನದಕ್ಕೆ ಹೋಲಿಸಬೇಕು ಅಂದ್ರು ಡಾಕ್ಟರು.

"ಮೂರು ತಿಂಗಳು ಅಪ್ಪನ ಮುಖ ಹೇಗ್ರೀ ನೋಡ್ಲಿ?" ಮಗಳು ಎದ್ದು ನಿಂತಳು. ಅಪ್ಪ ಅವಳ ಕೈ ಹಿಡಿದು ಕೂರಿಸಿ, ನನ್ನ ಕಡೆ ತಿರುಗಿದ್ರು. ದನಿ ಏರಿಸಲಿಲ್ಲ.

"ಬ್ರೇಕಿನ ದೀಪ ಹತ್ತಿದ್ರೆ ಬಲ್ಬ್ ಕಿತ್ತು ಹಾಕ್ತಾರೇನಮ್ಮಾ?"

ಬೈದಿದ್ರೆ ತಡ್ಕೋತಿದ್ದೆ.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದಾರೆ. ಕೈಯಲ್ಲಿ ನನ್ನ ವರದಿ, ಅವರ ಹೆಸರಿನ ಮೇಲೆ ಕೆಂಪು ಗೆರೆ. "ಇದನ್ನ ತೆಗೆದು ಕೊಡು, ಐದು ನಿಮಿಷದ ಕೆಲಸ" ಅಂತಿದಾರೆ. ಎದ್ದೆ. ಈ ಸಲ ನನ್ನ ಕೈ ಅಳಿಸಲ್ಲ.