ಎಂ ಅಂದರೆ ಮ್ಯಾಥ್ಸ್

24 ಮೇ 2023, ಬುಧವಾರ

ಇವತ್ತೂ ಅಡ್ಮಿಷನ್ ಟೇಬಲ್. ತುಮಕೂರಿನಿಂದ ಗುಬ್ಬಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಬೋರ್ಡ್ ಒರೆಸಿ ಕಾಂಬಿನೇಷನ್ ಬರೆದೆ — ಎಚ್.ಇ.ಬಿ.ಎ., ಎಂ.ಇ.ಬಿ.ಎ. ಅಕ್ಷರ ದುಂಡಗಿದೆ ಅಂತ ಪ್ರತಿ ವರ್ಷ ಈ ಕೆಲಸ ನನ್ನ ತಲೆಗೇ.

ಎರಡರಲ್ಲೂ ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಇದ್ದದ್ದೇ. ವ್ಯತ್ಯಾಸ ಮೊದಲಕ್ಷರದ್ದು. ಎಚ್ ಅಂದರೆ ಹಿಸ್ಟರಿ. ಎಂ ಅಂದರೆ... ಬೇಸಿಕ್ ಮ್ಯಾಥ್ಸ್. ಕಾಮರ್ಸ್ ಮಕ್ಕಳಿಗೆಂದು ನೀರು ಬೆರೆಸಿದ ಗಣಿತ. ನಾನು ಮಾಡುವ ಪಾಠ ಅದು. ಸರಿಯಾಗಿ ಬಿ ಅಂತಲೇ ಹಾಕೋಣ ಅಂತ ಒಮ್ಮೆ ಪ್ರಿನ್ಸಿಪಾಲ್ ಏಕಾಂತಯ್ಯನವರಿಗೆ ಹೇಳಿದ್ದೆ. "ಬೇಬಾ ಆಗುತ್ತೆ ಕಣ್ರೀ, ಕುರಿ ಕೂಗಿದಂಗೆ. ಯಾರು ಸೇರ್ತಾರೆ? ಎಂ ಅಂತಿರ್ಲಿ ಬಿಡಿ" ಅಂದರು.

ಹಿಸ್ಟರಿಯ ಲಕ್ಷ್ಮೀನರಸಿಂಹಯ್ಯನವರ ಟೇಬಲ್ ಮುಂದೆ ರೇಷನ್ ಅಂಗಡಿ ಕ್ಯೂ. ನನ್ನ ಮುಂದೆ ಬರೀ ಫ್ಯಾನ್ ಗಾಳಿ. ಸಂಜೆ ಪ್ರಿನ್ಸಿಪಾಲ್ ಬಂದು ನಿಂತರು. "ಹದಿನಾಲ್ಕೇ ಆಗಿದೆ. ಹದಿನೈದು ಆಗ್ದಿದ್ರೆ ಸೆಕ್ಷನ್ ಇಲ್ಲ. ಸೆಕ್ಷನ್ ಇಲ್ದಿದ್ರೆ ನೀವೂ ಇಲ್ಲ ಭಾನುಪ್ರಕಾಶ್. ಬೇಜಾರ್ ಮಾಡ್ಕೋಬೇಡಿ."

ಕುಣಿಗಲ್ ಕಾಲೇಜಿನಲ್ಲೂ ಹೀಗೇ, ನಗುನಗುತ್ತಲೇ ಹೇಳಿದ್ದರು. ಆಮೇಲೆ ಒಂದು ವರ್ಷ ಮನೆಯಲ್ಲಿದ್ದೆ. ಮದುವೆ ಮನೆಗಳಲ್ಲೆಲ್ಲ ಮಾವನವರದು ಒಂದೇ ಪ್ರಶ್ನೆ — "ಈಗ ಎಲ್ಲಿದೀರಿ?" ಇನ್ನೊಮ್ಮೆ ಆ ಪ್ರಶ್ನೆ ಕೇಳಿಸಿಕೊಳ್ಳಲಾರೆ.

27 ಮೇ, ಶನಿವಾರ

ಸಿಕ್ಕಳು.

ಬಿಂದುಶ್ರೀ ಅಂತ. ಕಡಬದವಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ನೂರು. ಜೊತೆಗೆ ಅಜ್ಜಿ, ಚಿಕ್ಕಗಂಗಮ್ಮ. ಹುಡುಗಿಗೆ ತುಮಕೂರಿನ ಒಂದು ಕಾಲೇಜಿನಲ್ಲಿ ಸೀಟು ಆಗಲೇ ಸಿಕ್ಕಿದೆ; ಸೇರಲು ಸೋಮವಾರ ಕೊನೆ. ಅಜ್ಜಿಗೆ ಅದು ಇಷ್ಟವಿಲ್ಲ.

"ಸಾಮಿ, ತುಮ್ಕೂರು ತುಮ್ಕೂರು ಅಂತ ಕುಂತವಳೆ. ಆ ಪಾಠ ಇಲ್ಲೇ ಇದ್ರೆ ಹೇಳಿ. ಸಂಜೆ ಬಸ್ಸಿಗೆ ಮನೆ ಸೇರ್ಕಂಡ್ರೆ ನಂಗೂ ನೆಮ್ದಿ."

ಹುಡುಗಿ ಮೊಬೈಲ್‌ನಲ್ಲಿ ಒಂದು ನೋಟಿಸ್ ತೋರಿಸಿದಳು. ಬೆಂಗಳೂರಿನಲ್ಲಿ ಎಕನಾಮಿಕ್ಸ್ ಆನರ್ಸ್. ಎಂಟ್ರೆನ್ಸ್ ಇದೆ, ಸೀಟು ಬೆರಳೆಣಿಕೆ, ಪಿಯುಸಿಯಲ್ಲಿ ಮ್ಯಾಥ್ಸ್ ಕಡ್ಡಾಯ. ಇಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಈ ವಯಸ್ಸಿಗೆ ಈ ಹುಡುಗಿಗೆ ಗೊತ್ತು! ಸ್ವಲ್ಪ ಸಿಟ್ಟೂ ಬಂತು.

ಬೋರ್ಡ್ ನೋಡಿ ಕೇಳಿದಳು. "ಸಾರ್, ಎಂ ಅಂದ್ರೆ ಮ್ಯಾಥ್ಸ್ ಅಲ್ವಾ?"

"ಮ್ಯಾಥ್ಸೇ ಕಣಮ್ಮ."

"ಪೂರ್ತಿ ಮ್ಯಾಥ್ಸಾ ಸಾರ್?"

ಪ್ರಿನ್ಸಿಪಾಲ್ ಬಾಗಿಲಲ್ಲೇ ಇದ್ದರು. "ಅರ್ಧ ಮ್ಯಾಥ್ಸ್ ಅಂತ ಎಲ್ಲಾದ್ರೂ ಇರುತ್ತೇನಮ್ಮಾ?" ಅಂದೆ. ಅಕ್ಕಪಕ್ಕದವರೆಲ್ಲ ನಕ್ಕರು. ಅಜ್ಜಿಯಂತೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹುಡುಗಿ ನಾಚಿಕೊಂಡು ಸಹಿ ಹಾಕಿದಳು.

ಹದಿನೈದು. ಬರುವಾಗ ಬಸ್ಸಿನಲ್ಲಿ ಸೀಟೂ ಸಿಕ್ಕಿತು.

29 ಮೇ, ಸೋಮವಾರ

ಆ ನೋಟಿಸ್ ಕಳಿಸು, ವಿಚಾರಿಸುತ್ತೇನೆ ಅಂದಿದ್ದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಪಲ್ಲವಿಗೆ ತೋರಿಸಿದೆ. "ನಮ್ಮ ಇಂಪನಾಗೆ ಯಾಕಾಗ್ಬಾರ್ದು ರೀ?" ಅಂದಳು ನನ್ನ ಹೆಂಡತಿ.

ನಮ್ಮ ಮಗಳದೂ ಈ ವರ್ಷವೇ ಪಿಯುಸಿ. ಏನಾಗ್ತೀಯ ಅಂದರೆ ಭುಜ ಹಾರಿಸುತ್ತಾಳೆ. ಕರೆದುಕೊಂಡು ಹೋಗಿ ತುಮಕೂರಿನಲ್ಲೇ ಸೇರಿಸಿದೆ. ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಮ್ಯಾಥ್ಸ್. ಕೌಂಟರ್‌ನವನನ್ನು ಎರಡು ಸಲ ಕೇಳಿದೆ — ಬೇಸಿಕ್ ಅಲ್ಲ ತಾನೆ? ಅಲ್ಲ ಸಾರ್, ಪೂರ್ತಿ, ಅಂದ. ಕೊನೆಯ ದಿನ ಯಾರೋ ಬಂದು ಸೇರದ ಕಾರಣ ಒಂದು ಸೀಟು ಉಳಿದಿತ್ತಂತೆ. ಇಂಪನಾಳದೂ ಅದೃಷ್ಟ.

20 ಜೂನ್

ಟೆಕ್ಸ್ಟ್‌ಬುಕ್ ಬಂತು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬೇಸಿಕ್ ಮ್ಯಾಥಮ್ಯಾಟಿಕ್ಸ್. ಕ್ಲಾಸ್ ಮುಗಿದ ಮೇಲೆ ಬಿಂದುಶ್ರೀ ಅದನ್ನು ಎದೆಗವಚಿಕೊಂಡು ಬಂದಳು. ಮುಖ ಬಿಳುಚಿತ್ತು. "ಸಾರ್, ಇದು ಬೇರೆ ಅಂತ ತುಮಕೂರಲ್ಲಿರೋ ಫ್ರೆಂಡ್ ಹೇಳ್ತಾಳೆ."

ನಿನ್ನ ಫ್ರೆಂಡ್ ಲೆಕ್ಚರರೋ ನಾನು ಲೆಕ್ಚರರೋ, ಅಂದೆ. ತಲೆ ತಗ್ಗಿಸಿದಳು. ಆಮೇಲೆ ಮೆತ್ತಗೆ ಹೇಳಿದೆ — "ಬೆಂಗಳೂರಿಗೇ ಫೋನ್ ಮಾಡಿ ಕೇಳಿದೀನಮ್ಮ. ನಡೆಯುತ್ತಂತೆ. ನೀನು ಓದ್ಕೋ ಹೋಗು."

ಫೋನ್ ಮಾಡಲಿಲ್ಲ. ಮಾಡುವುದೇನಿದೆ? ಬೇಸಿಕ್ ಮ್ಯಾಥ್ಸ್ ನಡೆಯುವುದಿಲ್ಲ ಅಂತ ನೋಟಿಸಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ. ಅವಳೇ ಕಳಿಸಿದ್ದು, ಅವಳೇ ಪೂರ್ತಿ ಓದಿಲ್ಲ. ಇಂಗ್ಲಿಷ್ ಕಷ್ಟ ಇರಬೇಕು. ಈಗ ಹೇಳಿದರೆ ಟಿ.ಸಿ. ತಗೊಂಡು ಹೋಗುತ್ತಾಳೆ. ಮತ್ತೆ ಹದಿನಾಲ್ಕು. ಮುಂದಿನ ತಿಂಗಳು ದಾಟಿದರೆ ಎಲ್ಲೂ ಬದಲಾಯಿಸಲು ಬಿಡುವುದಿಲ್ಲ. ಅಷ್ಟು ದಿನ ಸುಧಾರಿಸಿದರೆ ಆಯಿತು.

9 ಜನವರಿ 2024

ಈ ಹುಡುಗಿಗೆ ಪಾಠ ಮಾಡುವುದೇ ಒಂದು ಸುಖ. ಇಪ್ಪತ್ತು ವರ್ಷದಲ್ಲಿ ಇಂಥ ತಲೆ ನೋಡಿಲ್ಲ. ಹಳೆಯ ಎಂಟ್ರೆನ್ಸ್ ಪೇಪರ್‌ಗಳನ್ನು ಎಲ್ಲಿಂದಲೋ ತಂದು, ಸಿಲೆಬಸ್‌ನಲ್ಲಿಲ್ಲದ ಲೆಕ್ಕಗಳನ್ನೂ ತಾನೇ ಬಿಡಿಸಿ ತೋರಿಸುತ್ತಾಳೆ. ತಿದ್ದಲು ಏನೂ ಇರುವುದಿಲ್ಲ. ಆದರೂ ಕೆಂಪು ಪೆನ್ನಿನಲ್ಲಿ ಅಲ್ಲೊಂದು ಇಲ್ಲೊಂದು ಗೀಟು ಹಾಕುತ್ತೇನೆ.

ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಇಂಪನಾಗೆ ಕೊಟ್ಟೆ. "ಯಾರಪ್ಪಾ ಇಷ್ಟು ನೀಟಾಗಿ ಮಾಡಿರೋದು?"

ನಾನೇ, ಅಂದೆ. ಮಗಳ ಕಣ್ಣಲ್ಲಿ ಮೊದಲ ಸಲ ನನ್ನ ಬಗ್ಗೆ ಗೌರವ ಕಂಡೆ. ಬಹಳ ಸಂತೋಷವಾಯಿತು. ಅದನ್ನು ಯಾಕೆ ಸುಳ್ಳು ಹೇಳಲಿ.

9 ಏಪ್ರಿಲ್ 2025

ಸೆಕೆಂಡ್ ಪಿಯು ರಿಸಲ್ಟ್. ಬಿಂದುಶ್ರೀ ಬೇಸಿಕ್ ಮ್ಯಾಥ್ಸ್‌ನಲ್ಲಿ ಔಟ್ ಆಫ್ ಔಟ್. ಗೇಟಿಗೆ ಅವಳ ಫ್ಲೆಕ್ಸ್ ಬಿತ್ತು. ಕೆಳಗೆ 'ಮಾರ್ಗದರ್ಶಕರು: ಭಾನುಪ್ರಕಾಶ್' ಅಂತ ನನ್ನ ಫೋಟೊ. ಚಿಕ್ಕಗಂಗಮ್ಮ ಆ ಫ್ಲೆಕ್ಸಿಗೇ ಕೈ ಮುಗಿದಳಂತೆ. ಇಂಪನಾಗೆ ಮ್ಯಾಥ್ಸ್‌ನಲ್ಲಿ ಎಪ್ಪತ್ತೆರಡು. ಪೂರ್ತಿ ಮ್ಯಾಥ್ಸ್ ಅಲ್ಲವೇ, ಕಷ್ಟ.

11 ಜೂನ್ 2025, ಸಂಜೆ

ಇಬ್ಬರೂ ಎಂಟ್ರೆನ್ಸ್ ಬರೆದಿದ್ದರು. ಬಿಂದುಶ್ರೀ ಲಿಸ್ಟಿನ ಮೇಲ್ತುದಿಯಲ್ಲೇ ಇದ್ದಳು. ಇಂಪನಾ ವೇಟಿಂಗ್ ಲಿಸ್ಟ್.

ಇವತ್ತು ಫೋನ್ ಬಂತು. ಡಾಕ್ಯುಮೆಂಟ್ ವೆರಿಫಿಕೇಷನ್‌ನಲ್ಲಿ ಒಬ್ಬರದು ರಿಜೆಕ್ಟ್ ಆಗಿದೆ, ನಿಮ್ಮ ಮಗಳಿಗೆ ಸೀಟಿದೆ, ನಾಳೆ ಬನ್ನಿ. ಪಲ್ಲವಿ ಕುಣಿದಾಡಿದಳು. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ. ಯಾರದು ರಿಜೆಕ್ಟ್ ಆಯಿತು ಅಂತ ಕೇಳಲಿಲ್ಲ.

14 ಜೂನ್

ಅಜ್ಜಿ, ಮೊಮ್ಮಗಳು ಸ್ಟಾಫ್ ರೂಮಿಗೆ ಬಂದರು. ಬೇಸಿಕ್ ಮ್ಯಾಥ್ಸ್, ಮ್ಯಾಥ್ಸ್ ಎರಡೂ ಒಂದೇ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕಂತೆ.

"ಸಾರ್, ನೀವು ಫೋನ್ ಮಾಡಿ ಕೇಳಿದ್ರಲ್ಲ, ಯಾರು ಹೇಳಿದ್ದು ಅಂತ ಹೆಸರು ಹೇಳಿದ್ರೂ ಸಾಕು. ನಾನೇ ಹೋಗಿ ಮಾತಾಡ್ತೀನಿ."

ಲಕ್ಷ್ಮೀನರಸಿಂಹಯ್ಯ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು. ರೇಗಿತು. "ಬುಕ್ಕಿನ ರಟ್ಟಿನ ಮೇಲೆ ಅಷ್ಟು ದಪ್ಪಗೆ ಬೇಸಿಕ್ ಅಂತ ಇತ್ತಲ್ಲಮ್ಮ. ಎರಡು ವರ್ಷ ಹೊತ್ಕೊಂಡು ತಿರುಗಿದೀಯ. ಓದಕ್ಕೆ ಬರಲ್ವಾ?"

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ಬಾಯನ್ನೇ ನೋಡುತ್ತಾ ನಿಂತಳು. ಅಜ್ಜಿಯೇ ತೋಳು ಹಿಡಿದು ಎಳೆದಳು. "ಬಾರವ್ವ, ಮೇಷ್ಟ್ರು ತಾನೇ ಏನ್ ಮಾಡಾರು, ಪಾಪ. ಬುಡು ಅತ್ಲಾಗೆ."

ಚೀಲದ ತುಂಬ ತೆಂಗಿನಕಾಯಿ ತಂದಿದ್ದಳು. ವಾಪಸ್ ಒಯ್ಯಲಿಲ್ಲ. ಮನೆಗೆ ತಂದೆ. ಇಂಪನಾಗೆ ಸೀಟು ಸಿಕ್ಕಿದ್ದಕ್ಕೆ ಪಲ್ಲವಿ ಅದರಲ್ಲೇ ಕಾಯಿ ಒಬ್ಬಟ್ಟು ಮಾಡಿದಳು. ನಾಲ್ಕು ತಿಂದೆ. ಚೆನ್ನಾಗಿದ್ದವು.

18 ಮೇ 2026, ಸೋಮವಾರ

ಮತ್ತೆ ಅಡ್ಮಿಷನ್ ಟೇಬಲ್. ಮತ್ತೆ ಬೋರ್ಡ್. ಮತ್ತೆ ಹದಿನಾಲ್ಕಕ್ಕೇ ನಿಂತಿದೆ.

ಬಿಂದುಶ್ರೀ ನಮ್ಮಲ್ಲೇ ಮೇಲಿನ ಮಹಡಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಇನ್ನೆಲ್ಲಿಗೆ ಹೋಗುತ್ತಾಳೆ? ಔಟ್ ಆಫ್ ಔಟ್ ಹುಡುಗಿ ಅಂತ ಪ್ರಿನ್ಸಿಪಾಲ್ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದರು, ಬಂದವರಿಗೆ ತೋರಿಸಲು. ಗೇಟಿನಲ್ಲಿ ಈಗ ಎರಡು ಫ್ಲೆಕ್ಸ್. ಅವಳದು ಹಳೆಯದು, ಪಕ್ಕದಲ್ಲಿ ಹೊಸದು — 'ನಮ್ಮ ಉಪನ್ಯಾಸಕರ ಪುತ್ರಿ ಇಂಪನಾ, ಎಕನಾಮಿಕ್ಸ್ ಆನರ್ಸ್'. ಬೇಡ ಅಂದಿದ್ದೆ. ನಿಜವಾಗಿ ಬೇಡ ಅಂದಿದ್ದೆ. ಪಬ್ಲಿಸಿಟಿ ಕಣ್ರೀ, ಅಂದರು.

ಹನ್ನೊಂದರ ಹೊತ್ತಿಗೆ ಬಿಂದುಶ್ರೀ ಮೆಲ್ಲಗೆ ಕೇಳಿದಳು. "ಸಾರ್, ಇಂಪನಾ ತಗೊಂಡಿದ್ದು ಪೂರ್ತಿ ಮ್ಯಾಥ್ಸಾ?"

ಕೆಮ್ಮಿದೆ. ಪುಣ್ಯಕ್ಕೆ ಅಷ್ಟರಲ್ಲಿ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಹರ್ಷಿತಾ ಅಂತೆ. ಅದೇ ಆನರ್ಸ್ ಬೇಕಂತೆ. ಎರಡೂ ಫ್ಲೆಕ್ಸ್ ನೋಡಿಯೇ ಬಂದವರು. ಪ್ರಿನ್ಸಿಪಾಲ್ ಬಾಗಿಲಲ್ಲಿ ಪ್ರತ್ಯಕ್ಷ.

"ಅಕ್ಕಾ, ಎಂ ಅಂದ್ರೆ ಮ್ಯಾಥ್ಸ್ ಅಲ್ವಾ? ಪೂರ್ತಿ ಮ್ಯಾಥ್ಸಾ?"

"ನನ್ನ ಕೇಳ್ಬೇಡ ಪುಟ್ಟಾ, ಸಾರ್‌ನ ಕೇಳು" ಅಂದಳು ಬಿಂದುಶ್ರೀ. "ನನಗೂ ಅವರೇ ಹೇಳಿದ್ದು."

ಹುಡುಗಿ ನನ್ನ ಕಡೆ ತಿರುಗಿದಳು. ಬೇರೆ ಏನು ಹೇಳಬೇಕಿತ್ತು? ಬಾಯಿಗೆ ಬಂದದ್ದು ಅದೇ. "ಅರ್ಧ ಮ್ಯಾಥ್ಸ್ ಅಂತ ಎಲ್ಲಾದ್ರೂ ಇರುತ್ತೇನಮ್ಮಾ?"

ಆ ಅಪ್ಪ ನಗಲು ಶುರುಮಾಡಿದ. ಬಿಂದುಶ್ರೀ ಎದ್ದಳು. ನನ್ನ ಮುಂದಿದ್ದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿಗೆ ಹೋದಳು. ನಾನು ದುಂಡಗೆ ಬರೆದಿದ್ದ ಎಂ ತಲೆಯ ಮೇಲೆ ದೊಡ್ಡದಾಗಿ ಬರೆದಳು — ಬೇಸಿಕ್. "ಇರುತ್ತೆ ಪುಟ್ಟಾ. ಇದೇ ಅದು. ಇದನ್ನ ಓದಿದ್ರೆ ಆ ಸೀಟು ಸಿಗಲ್ಲ. ನಂಗೆ ಸಿಗಲಿಲ್ಲ. ಸಾರ್‌ಗೆ ಗೊತ್ತಿತ್ತು. ಅವರ ಮಗಳಿಗೆ ಇದನ್ನ ಕೊಡಿಸಲಿಲ್ಲ."

ಯಾರೂ ನಗಲಿಲ್ಲ. ಆ ಅಪ್ಪ ನನ್ನ ಕೈಯಿಂದ ಅರ್ಜಿ ಕಿತ್ತುಕೊಂಡ. ಆಗಲೇ ಸೇರಿದ್ದವರಲ್ಲಿ ಇಬ್ಬರು ಬಂದು ಅರ್ಜಿ ವಾಪಸ್ ಕೇಳಿದರು. ಲಕ್ಷ್ಮೀನರಸಿಂಹಯ್ಯ ತಮ್ಮ ಟೇಬಲ್ ಪಕ್ಕ ಅವರಿಗೆ ಕುರ್ಚಿ ಹಾಕಿಸಿದರು. ಏಕಾಂತಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದರು. ನಗುತ್ತಿದ್ದರು. "ಭಾನುಪ್ರಕಾಶ್, ಬೇಜಾರ್ ಮಾಡ್ಕೋಬೇಡಿ."