ಗೋಡೆಯಾಚೆಯ ನಲ್ಲಿ

೬ ಏಪ್ರಿಲ್ ೨೦೨೫, ಭಾನುವಾರ. ಚನ್ನಪಟ್ಟಣ

"ಕುರಿ ಕುಡಿದ ಮೇಲೆ ಕುರುಬ..." ಮುಂದೇನು? "ಕೊನೆಗೆ ಕುಡಿಯಲಿ" ಎನ್ನುತ್ತಿದ್ದರೋ ಅಪ್ಪ, "ಉಳಿದರೆ ಕುಡಿಯಲಿ" ಎನ್ನುತ್ತಿದ್ದರೋ? ಎರಡೂ ಒಂದೇ ಅಲ್ಲ. ಮೂವತ್ತು ವರ್ಷ ಈ ಚರ್ಚಿನ ಉಪದೇಶಿಯಾಗಿದ್ದವರು. ನನಗೆ ಉಳಿದಿರುವುದು ಅರ್ಧ ಸಾಲು. ಅದೂ ಯಾವ ಕುರಿ? ನಮ್ಮ ಮಂದೆಯದು ಮಾತ್ರವೇ? ಹಾಗಿದ್ದರೆ ಬೋರ್‌ವೆಲ್ಲಿನ ನಲ್ಲಿಯನ್ನು ಕಾಂಪೌಂಡಿನ ಆಚೆ, ಬೀದಿಯ ಕಡೆಗೆ ಯಾಕೆ ಇಡಿಸಿದರು?

ಇವತ್ತು ಆರಾಧನೆಯ ನಂತರ ಸಭಾ ಸಮಿತಿ. ಆ ನಲ್ಲಿಗೆ ಬೀಗ ಹಾಕುವ ವಿಷಯ. ಹಬ್ಬ ಬರುತ್ತಿದೆ, ನೀರು ಕಡಿಮೆ ಎಂದರು ಸಭಾಪಾಲಕರಾದ ಮನೋಹರ್ ಅಯ್ಯನವರು. ಸಮಿತಿಯ ಯೋಗಾನಂದ ಇನ್ನೂ ಮುಂದೆ ಹೋದ — "ಈ ಬೀದಿಯೋರು ಇವತ್ತು ನೀರು ಅಂತಾರೆ ಅಯ್ಯನೋರೆ, ನಾಳೆ ಜಾಗ ಅಂತಾರೆ. ಸಲಿಗೆ ಕೊಟ್ಬುಟ್ರೆ ಮುಗೀತು."

ಮೈ ಉರಿಯಿತು. ಆದರೂ ಕಾರ್ಯದರ್ಶಿ ನಾನು, ನಡಾವಳಿ ಬರೆದೆ. "ಸಭೆಯ ನಾಯಕರು ದೈವಿಕ ವಿವೇಕದಿಂದ ಆಲೋಚಿಸಿ..." ಅಯ್ಯನವರು ಓದಿ, "ಎಂ.ಎ. ಕನ್ನಡ ಅಂದ್ರೆ ಇದು, ಲತಾಮಣಿಯವರೇ" ಎಂದರು. ಖುಷಿಯಾಯಿತು! ನಾಚಿಕೆಗೇಡು.

ಅವರು ರಾಮನಗರದಿಂದ ಬಂದುಹೋಗುವವರು. ಬೀಗದ ಕೈ ನನ್ನ ಬಳಿಯೇ ಇರಲಿ ಎಂದಾಯಿತು.

೯ ಏಪ್ರಿಲ್

ನಲ್ಲಿಯ ಸುತ್ತ ಕಬ್ಬಿಣದ ಪೆಟ್ಟಿಗೆ ಕೂತಿತು. ಮುನ್ಸಿಪಾಲ್ಟಿ ನೀರು ಬಂದು ಒಂಬತ್ತು ದಿನ. ಪಕ್ಕದ ಮನೆಯ ನಾಹಿದಾ ಎಲ್ಲಿಂದಲೋ ಎರಡು ಕೊಡ ಹೊತ್ತು ತರುತ್ತಿದ್ದಳು. ರೇಷ್ಮೆ ಬಿಚ್ಚುವ ಕೆಲಸ ಅವಳದು.

"ದಿನಾ ಪೂರ್ತಿ ಗೂಡಿನ ನೀರಲ್ಲೇ ಕೈ ನಂದು. ಮನೆಗ್ ಬಂದ್ರೆ ಕುಡಿಯಕ್ಕೆ ತೊಟ್ಟಿಲ್ಲ. ನಗ್ಬೇಕು ಅಷ್ಟೇ ಅಕ್ಕ... ನಿಮ್ ಅಯ್ಯನೋರಿಗೆ ಒಸಿ ಹೇಳಿ. ಓದಿರೋರು ನೀವು, ನಿಮ್ ಮಾತು ತೆಗೆದಾಕಲ್ಲ."

"ಹೇಳ್ತೀನಿ ಕಣಮ್ಮ" ಎಂದೆ. ಬೀಗದ ಕೈ ನನ್ನ ಕೈಚೀಲದಲ್ಲಿತ್ತು.

೧೭ ಏಪ್ರಿಲ್, ಗುರುವಾರ

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಚರ್ಚಿನ ಅಂಗಳದಲ್ಲಿ ಪಾದ ತೊಳೆಯುವ ಸೇವೆ. ಹನ್ನೆರಡು ಜನ. ಎಲ್ಲರೂ ಸಮಿತಿಯವರೇ. ಮನೆಯಲ್ಲಿ ಸೋಪು ಹಚ್ಚಿ ತೊಳೆದುಕೊಂಡು ಬಂದ ಕಾಲುಗಳು. ಯೋಗಾನಂದನ ಪಾದಕ್ಕೆ ಪೌಡರ್ ಬೇರೆ! ನಾನೇನು ಕಡಿಮೆ? ಹಿಮ್ಮಡಿ ಉಜ್ಜಿಕೊಂಡೇ ಹೋಗಿದ್ದೆ. ಅಯ್ಯನವರು ಮೊಣಕಾಲೂರಿ, ನಾಯಕನೆಂದರೆ ಸೇವೆ ಮಾಡುವ ಆಳು, ಎಂದು ಕಣ್ಣೊರೆಸಿಕೊಂಡರು. ಎರಡು ಬಕೆಟ್ ನೀರು — ಮೋರಿಗೆ.

ಗೇಟಿನಾಚೆ ನಾಹಿದಾಳ ಅತ್ತೆ ವಜೀರಾ, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ನೋಡುತ್ತಿದ್ದರು. "ತೊಳ್ದಿರೋ ಕಾಲೇ ತೊಳೀತಾವ್ರೆ ನೋಡು" ಎಂದರು, ಜೋರಾಗಿಯೇ.

ಸೇವೆ ಮುಗಿದ ಮೇಲೆ ಅಯ್ಯನವರಿಗೆ ಹೇಳಿದೆ, ಕೊನೆಗೂ. "ಹಬ್ಬ ಮುಗೀಲಿ. ಪ್ರಾರ್ಥನೆ ಮಾಡಿ ತೀರ್ಮಾನಿಸೋಣ. ಆತುರ ವಿವೇಕ ಅಲ್ಲ, ಲತಾಮಣಿಯವರೇ."

ಬೆಂಕಿ ಬೀಳಲಿ ಈ ವಿವೇಕಕ್ಕೆ! ದೇವರ ವಿವೇಕ ಬಾಯಾರಿದವರನ್ನು ಹಬ್ಬ ಮುಗಿಯುವ ತನಕ ಕಾಯಿಸುತ್ತದೆಯೇ?

೨೦ ಏಪ್ರಿಲ್, ಈಸ್ಟರ್

ಹಾಡಿದೆವು. ಕೇಕ್ ಹಂಚಿದೆವು. ಮಧ್ಯಾಹ್ನ ಕವನ ಓದಲು ಕೂತೆ. ಒಂದು ಸಾಲೂ ಒಳಗಿಳಿಯಲಿಲ್ಲ.

ಅಪ್ಪ ಅನ್ನುತ್ತಿದ್ದದ್ದು "ಉಳಿದರೆ" ಎಂದೇ. ಈಗ ಅನುಮಾನವಿಲ್ಲ.

ಬೀಗದ ಕೈ ಮೇಜಿನ ಮೇಲೆ. ಎರಡು ಸಲ ಎತ್ತಿಕೊಂಡು ಬಾಗಿಲ ತನಕ ಹೋದೆ. ಸಭೆ ಒಡೆಯಬಾರದು... ಸಮಿತಿಯ ಮಾತು ಮೀರಬಾರದು... ಶಿಸ್ತು ಬೇಕು... ನೆಪಗಳನ್ನು ಎಷ್ಟು ಚೆನ್ನಾಗಿ ಹೆಣೆಯಬಲ್ಲೆ! ಎಂ.ಎ. ಕನ್ನಡ.

೨೧ ಏಪ್ರಿಲ್, ಬೆಳಿಗ್ಗೆ ೬.೩೦

ಬಾಗಿಲು ತಟ್ಟಿದರು. ನಾಹಿದಾ. ಒಳಗೆ ಬಾ ಎಂದೆ. ಹೊಸ್ತಿಲು ದಾಟಲಿಲ್ಲ. ಕೊಡವನ್ನೂ ತಂದಿರಲಿಲ್ಲ.

"ನೀರು ಕೇಳಕ್ಕೆ ಬಂದಿಲ್ಲ ಅಕ್ಕ. ಬೀಗದ ಕೈ ನಿಮ್ ಮನೇಲೇ ಐತಂತೆ... ಹೌದಾ?"